ಕೊಸರಿನ ಮುಚ್ಚಳ

ದೊಡವಾಡ
೩ ಆಗಸ್ಟ್ ೨೦೨೪

ಚಿ. ಸಪ್ನಾಳಿಗೆ ಆಶೀರ್ವಾದಗಳು.

ಇಲ್ಲಿ ನಾವು, ಎಮ್ಮೆ, ಅದರ ಕರು ಎಲ್ಲರೂ ನೆಟ್ಟಗಿದ್ದೇವೆ. ಈ ಪತ್ರವನ್ನು ನಿನ್ನ ತಾಯಿ ರಾಮವ್ವ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಅವಳಿಗೆ ಅಕ್ಷರ ಬರುವುದಿಲ್ಲ, ನನಗೆ ಏಳನೆಯ ಇಯತ್ತೆಯವರೆಗೆ ಬರುತ್ತದೆ. ಆದ್ದರಿಂದ ಈ ಕೆಲಸ ನನ್ನ ಪಾಲಿಗೆ ಬಂದಿದೆ. ಬರೆದುಕೊಟ್ಟ ಮಾತ್ರಕ್ಕೆ ಬರೆದವನು ಮಾತನಾಡಿದಂತೆ ಆಗುವುದಿಲ್ಲ ಎಂಬುದನ್ನು ನೀನು ತಿಳಿದುಕೊಳ್ಳಬೇಕು. ಬಸವ ಜಯಂತಿಯ ದಿನ ನಿಂತ ಮಾತು ನಿಂತೇ ಇದೆ.

ನಿನ್ನ ತಾಯಿ ಹೇಳುವುದೇನೆಂದರೆ, ಬುತ್ತಿ ಎಂದಿನಂತೆ ಮುಂಜಾನೆಯ ಧಾರವಾಡ ಬಸ್ಸಿಗೆ ಬರುತ್ತದೆ. ಹಳೇ ಬಸ್ ನಿಲ್ದಾಣದಲ್ಲಿ ಕಂಡಕ್ಟರರಿಂದ ಇಸಿದುಕೊಂಡು, ಖಾಲಿ ಡಬ್ಬಿಯನ್ನು ಸಂಜೆಯ ಬಸ್ಸಿಗೆ ಹಾಕತಕ್ಕದ್ದು. ಪತ್ರ ಬರೆಯುವುದಿದ್ದರೆ ಡಬ್ಬಿ ಕಟ್ಟಿದ ಅರಿವೆಯ ಗಂಟಿನಲ್ಲಿ ಇಡು. ಫೋನು ಮಾಡಬೇಡ. ನಿನ್ನ ತಾಯಿಗೆ ಈಚೆಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ. ರೊಟ್ಟಿ ಸ್ವಲ್ಪ ದಪ್ಪ ಆಗಿವೆ. ಈ ಸಲದ ಜೋಳಕ್ಕೆ ಜಿಗಿ ಇಲ್ಲ, ಮಾಡುವವರ ತಪ್ಪು ಏನೂ ಇಲ್ಲ.

ಹತ್ತಿ ಎಲ್ಲೆಡೆ ಚೆನ್ನಾಗಿದೆ. ನಮ್ಮ ಬದುವಿಗೆ ಹತ್ತಿದ ಕಾಡವ್ವನ ಒಂದು ಎಕರೆಯಂತೂ ಊರಿಗೇ ಮೊದಲು ಮೊಗ್ಗು ಕಟ್ಟಿದೆ. ಗಂಡ ತೀರಿದ ಮೇಲೆ ಅವಳಿಗೆ ಇರುವುದು ಆ ಒಂದು ಎಕರೆಯೇ. ನಿನ್ನ ತಂದೆಯವರು ಕೂಲಿ ತೆಗೆದುಕೊಳ್ಳದೆ ಅವಳ ಹೊಲಕ್ಕೆ ಹೂ ನಿಲ್ಲುವ ಎಣ್ಣೆ ಹೊಡೆದುಕೊಟ್ಟಿದ್ದಾರೆ. ಬೆನ್ನಿನ ಪಂಪಿನ ನೀರಿಗೆ ಒಂದು ಮುಚ್ಚಳ ಔಷಧ ಎಲ್ಲರಿಗೂ ಹಾಕುತ್ತಾರೆ, ಅವಳಿಗೆ ಮೇಲೊಂದು ಮುಚ್ಚಳ ಕೊಸರು ಹಾಕಿದ್ದಾರೆ. ತವರಿಲ್ಲದ ಹೆಣ್ಣುಮಗಳು ಎಂಬ ಕಳಕಳಿ. ಅಂಥ ಮನಸ್ಸು ಎಲ್ಲರಿಗೂ ಇರುವುದಿಲ್ಲ. ಇದನ್ನು ನಿನ್ನ ತಾಯಿಯೇ ಹೇಳಿದ್ದು.

ಹೇಳಿದವಳು: ರಾಮವ್ವ
ಬರೆದವನು: ಪರಸಪ್ಪ


ಸಪ್ತಾಪುರ, ಧಾರವಾಡ
೫ ಆಗಸ್ಟ್ ೨೦೨೪

ಪ್ರೀತಿಯ ಅವ್ವಾ,

ನಿನ್ನ ಪತ್ರ ಓದಿ ಬಹಳ ನಕ್ಕೆ. 'ಹಾಕತಕ್ಕದ್ದು' ಅನ್ನುವ ಮಾತು ನೀನು ಎಲ್ಲಿ ಕಲಿತೆ? ನನ್ನ ಜೊತೆ ಖೋಲಿಯಲ್ಲಿರುವ ಶೀತಲ ನಿನ್ನ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಬಡಿದು ನೋಡಿ, "ಹೆಂಚ ಐತಿ ನೋಡ, ಮನಿ ಸೋರಿದ್ರ ಬೇಕಾಗತೈತಿ" ಅಂದಳು. ಆದರೂ ಎರಡು ತಿಂದಳು. ಪುಂಡಿಪಲ್ಲೆಗೆ ಉಪ್ಪು ಹಾಕುವಾಗ ಯಾರಾದರೂ ಮಾತಾಡಿಸಿದರೇನು, ಎರಡು ಸಲ ಬಿದ್ದಿದೆ. ಬೈಯುತ್ತಿಲ್ಲ, ಹೇಳುತ್ತಿದ್ದೇನೆ.

ಬಸವ ಜಯಂತಿಯ ಸುದ್ದಿ ನೀನೇ ಎತ್ತಿದ್ದಕ್ಕೆ ಬರೆಯುತ್ತೇನೆ. ಅಂದು ಕಟ್ಟೆಯ ಮೇಲೆ ರಾಯಪ್ಪ ಕಾಕಾ ಮತ್ತೆ ನಾಲ್ಕು ಜನರ ಎದುರು ನಾನು, ಅಪ್ಪ ಎಣ್ಣೆಯನ್ನು ಮುಚ್ಚಳದಿಂದ ಅಳೆಯುವುದು ತಪ್ಪು, ಮುಚ್ಚಳಕ್ಕೆ ಅಳತೆ ಇರುವುದಿಲ್ಲ, ಡಬ್ಬಿಗೊಂದು ಮುಚ್ಚಳ ಬೇರೆ ಇರುತ್ತದೆ ಎಂದದ್ದು ಸುಳ್ಳಲ್ಲ. ಆದರೆ ಕಟ್ಟೆಯ ಮೇಲೆ ಅನ್ನಬಾರದಿತ್ತು. "ಪರಸಪ್ಪ, ಇನ್ನ ಮ್ಯಾಲ ಪಂಪು ಮಗಳ ಬೆನ್ನಿಗೆ ಕಟ್ಟು" ಎಂದು ರಾಯಪ್ಪ ಕಾಕಾ ನಕ್ಕಾಗ ನಾನು ಅಪ್ಪನ ಮುಖ ನೋಡಿದೆ. ಹತ್ತೊಂಬತ್ತು ವರ್ಷ ಊರಿನ ಹೊಲಗಳಿಗೆಲ್ಲ ಎಣ್ಣೆ ಹೊಡೆದವನಿಗೆ ಆ ನಗು ಎಷ್ಟು ನಾಟಿತೆಂದು ನನಗೆ ಗೊತ್ತು. ಅಂದಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟ. ಈ ಸಾಲನ್ನು ನಿನಗೆ ಓದಿ ಹೇಳುವವರು ನುಂಗಿಬಿಡಬಹುದು, ನುಂಗದೆ ಓದಲು ಹೇಳು.

ನನ್ನ ಎಂ.ಎಸ್ಸಿ. ಕೆಲಸ ನಡೆದಿದೆ. ಏನು ಮಾಡುತ್ತೀ ಎಂದು ಯಾವಾಗಲೂ ಕೇಳುತ್ತೀಯಲ್ಲ, ಕೇಳು. ನಿನ್ನ ಟ್ರಂಕಿನಲ್ಲಿ ಇರಕಲ್ ಸೀರೆಗಳ ನಡುವೆ ಡಾಂಬರ ಗುಳಿಗೆ ಇಡುತ್ತೀಯಲ್ಲ, ಅದರದೇ ಮೂಲವಸ್ತುವಿಗೆ ಇನ್ನೊಂದು ಸಣ್ಣ ಆಮ್ಲದ ಬಾಲ ಜೋಡಿಸುತ್ತೇವೆ. ಬಿಳಿ ಪುಡಿಯಾಗುತ್ತದೆ. ಗಿಡದ ಮೈಯಲ್ಲಿ ತಾನೇ ಹುಟ್ಟುವ ಒಂದು ರಸವಿದೆ, ಬೇರು ಬಿಡು, ಹೂ ಹಿಡಿದುಕೋ ಎಂದು ಹೇಳುವ ರಸ. ಈ ಪುಡಿ ಅದರ ಸೋಗು ಹಾಕುತ್ತದೆ, ಗಿಡಕ್ಕೆ ಗುರುತು ಸಿಗುವುದಿಲ್ಲ. ಇದನ್ನು ಹಚ್ಚಿ ನೆಟ್ಟರೆ ದಾಸವಾಳದ ಕಡ್ಡಿ ಬೇರು ಬಿಡುತ್ತದೆ. ಹೊಡೆದರೆ ಮಾವಿನ ಕಾಯಿ ಉದುರದೆ ನಿಲ್ಲುತ್ತದೆ, ಅನಾನಸಿನ ತೋಟವೆಲ್ಲ ಒಟ್ಟಿಗೆ ಹೂ ಬಿಡುತ್ತದೆ. ಅಪ್ಪ ಹೊಡೆಯುವ ಹೂ ನಿಲ್ಲುವ ಎಣ್ಣೆಯಲ್ಲಿ ಇರುವುದೂ ಇದೇ.

ಕಾಡವ್ವನ ಹೊಲಕ್ಕೆ ಹಾಕಿದ ಮುಚ್ಚಳ ಯಾವ ಡಬ್ಬಿಯದು ಎಂದು ಬರೆಯುವವರನ್ನು ಕೇಳಿ ತಿಳಿಸು.

ನಿನ್ನ ಮಗಳು
ಸಪ್ನಾ


ದೊಡವಾಡ
೧೭ ಆಗಸ್ಟ್ ೨೦೨೪

ಚಿ. ಸಪ್ನಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಓದಿ ಹೇಳಿದ್ದೇನೆ, ಒಂದು ಸಾಲೂ ನುಂಗಿಲ್ಲ. ಉಪ್ಪಿನ ವಿಷಯ ನಿನ್ನ ತಾಯಿಗೆ ಬೇಸರವಾಗಿದೆ. ಇನ್ನು ಮೇಲೆ ನೋಡಿ ಹಾಕುತ್ತಾಳಂತೆ.

ಹನ್ನೆರಡು ದಿನ ಪತ್ರ ಬರೆಸದೆ ಇದ್ದುದಕ್ಕೆ ಕಾರಣ ಕಾಡವ್ವನ ಹತ್ತಿ. ಹೂ ನಿಲ್ಲುವ ಎಣ್ಣೆ ಹೊಡೆದ ಮೇಲೆ ಎಂಟು ದಿನದಲ್ಲಿ ಮೊಗ್ಗು ಉದುರಲು ಹತ್ತಿದವು. ಆದ್ದರಿಂದ ನಿನ್ನ ತಂದೆಯವರು ಹನ್ನೆರಡನೆಯ ತಾರೀಖಿಗೆ ಇನ್ನೊಂದು ಸಲ ಹೊಡೆದರು. ಉದುರುವುದು ಹೆಚ್ಚಿದೆ ಎಂದು ಕೊಸರು ಎರಡು ಮುಚ್ಚಳ ಮಾಡಿದರು. ಈಗ ಇನ್ನೂ ಉದುರುತ್ತಿವೆ. ಎಲೆಗಳು ಕೆಳಗೆ ಬಾಗಿ, ಮಡಚಿದ ಛತ್ರಿಯಂತೆ ಆಗಿವೆ, ಕುಡಿ ತಿರುಚಿಕೊಂಡಿದೆ. ಪಕ್ಕದ ನಮ್ಮ ಹೊಲಕ್ಕೆ ಏನೂ ಆಗಿಲ್ಲ. ನಮ್ಮದಕ್ಕೆ ಈ ವರ್ಷ ಆ ಎಣ್ಣೆ ಹೊಡೆಯಲು ಪುರಸೊತ್ತೇ ಆಗಿರಲಿಲ್ಲ.

ಕಾಡವ್ವ ದಿನಾ ಮುಂಜಾನೆ ಉದುರಿದ ಮೊಗ್ಗುಗಳನ್ನು ಸೆರಗಿನಲ್ಲಿ ಆರಿಸಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಸುರುವುತ್ತಾಳೆ. ಬೈಯುವುದಿಲ್ಲ. "ಅಣ್ಣಾ, ಇವತ್ತ ಇಷ್ಟ ನೋಡ" ಅಂದು ಹೋಗುತ್ತಾಳೆ. ಬೀಜ ಕೆಟ್ಟಿದೆ ಎಂದು ಒಬ್ಬರು, ರೋಗ ಎಂದು ಒಬ್ಬರು, ಅವಳ ಹಣೆಬರಹ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಬರುವ ಗುರುವಾರ ಮೂರನೆಯ ಸಲ ಹೊಡೆಯುವುದೆಂದು ನಿನ್ನ ತಂದೆಯವರು ಮಾತು ಕೊಟ್ಟಿದ್ದಾರೆ. ಈ ಸಲ ಕೈ ಬಿಚ್ಚಿ ಹಾಕುತ್ತಾರೆ.

ಮುಚ್ಚಳ ದೊಡ್ಡ ಎಣ್ಣೆ ಡಬ್ಬಿಯದು, ಹಸಿರು ಬಣ್ಣದ್ದು. ಇದನ್ನೆಲ್ಲ ನಿನ್ನ ತಾಯಿ ಸುಮ್ಮನೆ ಸುದ್ದಿಗಾಗಿ ಬರೆಸಿದ್ದಾಳೆ. ಯಾರೂ ನಿನ್ನನ್ನು ಏನೂ ಕೇಳುತ್ತಿಲ್ಲ.

ಹೇಳಿದವಳು: ರಾಮವ್ವ
ಬರೆದವನು: ಪರಸಪ್ಪ


ಸಪ್ತಾಪುರ, ಧಾರವಾಡ
೧೮ ಆಗಸ್ಟ್ ೨೦೨೪

ಅವ್ವಾ,

ಯಾರೂ ಕೇಳದಿದ್ದರೂ ಹೇಳುತ್ತೇನೆ. ಗುರುವಾರ ಪಂಪು ಎತ್ತಬಾರದು.

ಆ ಹಸಿರು ಮುಚ್ಚಳಕ್ಕೆ ಹತ್ತು ಮಿಲಿ ಹಿಡಿಯುತ್ತದೆ. ಹದಿನೈದು ಲೀಟರಿನ ಪಂಪಿಗೆ ಹೂ ನಿಲ್ಲುವ ಎಣ್ಣೆ ನಾಲ್ಕು ಮಿಲಿ ಸಾಕು. ಆ ನಾಲ್ಕು ಮಿಲಿಯಲ್ಲೂ ನಿಜವಾದ ಔಷಧ ಇರುವುದು ಒಂದು ಚಿಟಿಕೆ. ಪಂಪಿನ ನೀರೆಲ್ಲ ಒಂದು ಲಕ್ಷ ಜೋಳದ ಕಾಳಿನ ರಾಶಿಯಾದರೆ ಔಷಧ ಅದರಲ್ಲಿ ಒಂದು ಕಾಳು ಎಂದು ತಿಳಿ, ಗಿಡಕ್ಕೆ ಅಷ್ಟು ಸಾಕು. ಅಪ್ಪ ಮೊದಲ ಸಲ ಇಪ್ಪತ್ತು ಮಿಲಿ, ಎರಡನೆಯ ಸಲ ಮೂವತ್ತು ಮಿಲಿ ಹಾಕಿದ್ದಾನೆ. ಇದು ಕೀಟದ ಎಣ್ಣೆಯಲ್ಲ, ಕಾಂಪ್ಲೆಕ್ಸ್ ಗೊಬ್ಬರವೂ ಅಲ್ಲ. ಗಿಡಕ್ಕೆ ಹೇಳುವ ಒಂದು ಮಾತು ಇದು. ಮೆಲ್ಲಗೆ ಹೇಳಿದರೆ ಹೂ ಹಿಡಿದುಕೊಳ್ಳುತ್ತದೆ. ಮಿತಿ ಮೀರಿದರೆ ಗಿಡ ಗಾಬರಿಯಾಗಿ ಬೇರೊಂದು ಗಾಳಿ ಹೊರಡಿಸುತ್ತದೆ, ಬಾಳೆಗೊನೆ ಹಣ್ಣಾಗುವಾಗ ಹೊರಡುತ್ತದಲ್ಲ, ಅದೇ ಗಾಳಿ. ಆ ಗಾಳಿ ಹುಟ್ಟಿದರೆ ಮೊಗ್ಗಿನ ತೊಟ್ಟು ಕಳಚುತ್ತದೆ. ಸೇಬಿನ ತೋಟದವರು ಗಿಡಕ್ಕೆ ಕಾಯಿ ಹೆಚ್ಚಾದಾಗ ಉದುರಿಸಲಿಕ್ಕೆಂದೇ ಇದನ್ನು ಹೊಡೆಯುತ್ತಾರೆ.

ಎಲ್ಲರ ಹೊಲಕ್ಕೆ ಒಂದು ಮುಚ್ಚಳ ಹಾಕಿದ್ದೂ ಹೆಚ್ಚೇ, ಆದರೆ ಅವರ ಹತ್ತಿ ಹೇಗೋ ತಡೆದುಕೊಂಡಿತು. ಕಾಡವ್ವನ ಹತ್ತಿಗೆ ಬಿದ್ದದ್ದು ಕೊಸರು. ಬೀಜ ಕೆಟ್ಟಿಲ್ಲ, ರೋಗ ಬಂದಿಲ್ಲ, ಯಾರ ಹಣೆಬರಹವೂ ಅಲ್ಲ.

ಡಬ್ಬಿಯಲ್ಲಿ ಸೂಜಿಯಿಲ್ಲದ ಒಂದು ಸಿರಿಂಜ್ ಇಟ್ಟಿದ್ದೇನೆ. ನಾಲ್ಕರ ಗೀಟಿಗೆ ಕೆಂಪು ಬಣ್ಣ ಹಚ್ಚಿದ್ದೇನೆ. ಅಪ್ಪ ನನ್ನ ಮಾತು ನಂಬುವುದು ಬೇಡ. ನಮ್ಮ ಹೊಲದಲ್ಲಿ ಮೂರು ಸಾಲು ಹಿಡಿಯಲಿ. ಒಂದಕ್ಕೆ ಬರೀ ನೀರು, ಒಂದಕ್ಕೆ ಸಿರಿಂಜಿನ ಅಳತೆ, ಒಂದಕ್ಕೆ ಕೊಸರಿನ ಅಳತೆ. ಎಂಟು ದಿನ ನೋಡಲಿ.

ನಾನು ಕಾಡವ್ವನಿಗೇ ಹೇಳಬಹುದಿತ್ತು. ಹೇಳಿದರೆ ಇನ್ನೊಂದು ಸಲ ಕಟ್ಟೆ ಹತ್ತಿದಂತಾಗುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆದರೆ ಬುಧವಾರ ಮುಂಜಾನೆಯ ಬುತ್ತಿಯಲ್ಲಿ ಉತ್ತರ ಬರದಿದ್ದರೆ ಅಂದೇ ಸಂಜೆಯ ಬಸ್ಸಿಗೆ ಬರುತ್ತೇನೆ. ಗುರುವಾರ ಆ ಹೊಲದ ನಡುವೆ ನಿಂತಿರುತ್ತೇನೆ, ಎಣ್ಣೆ ನನ್ನ ಮೇಲೆ ಹೊಡೆಯಬೇಕಾಗುತ್ತದೆ.

ಸಪ್ನಾ


ದೊಡವಾಡ
೨೦ ಆಗಸ್ಟ್ ೨೦೨೪

ಚಿ. ಸಪ್ನಾಳಿಗೆ,

ನಿನ್ನ ತಾಯಿಗೆ ಬಹಳ ಸಿಟ್ಟು ಬಂದಿದೆ. ಹತ್ತೊಂಬತ್ತು ವರ್ಷ ಬೆನ್ನ ಮೇಲೆ ಪಂಪು ಹೊತ್ತು ದೊಡವಾಡದಲ್ಲಿ ಒಂದು ಹೊಲ ಬಿಡದೆ ಹೊಡೆದ ಮನುಷ್ಯನಿಗೆ ಅಂಗಿಯ ಗುಂಡಿಯಷ್ಟು ಎಣ್ಣೆ ಅಳೆಯಲು ಮಕ್ಕಳ ಔಷಧದ ಪಿಚಕಾರಿ ಕಳಿಸಿದ್ದೀ ಎಂದು ಕೇಳುತ್ತಿದ್ದಾಳೆ. ಜೋಳ ಅಳೆಯುವಾಗ ಸೇರಿನ ಮೇಲೆ ಒಂದು ಹಿಡಿ ಹಾಕದೆ ಯಾರಾದರೂ ಕೈ ಝಾಡಿಸಿದ್ದಾರೆಯೇ? ಬಳೆಗಾರ ಕೂಡ ಡಜನ್ನಿನ ಮೇಲೆ ಒಂದು ಬಳೆ ಇಡುತ್ತಾನೆ. ಕೊಸರು ಕೊಟ್ಟು ಯಾರೂ ಕೆಟ್ಟಿಲ್ಲ, ಕೊಸರು ಕೊಡದವನ ಅಂಗಡಿ ನಡೆದಿಲ್ಲ. ಹೀಗೆ ನಿನ್ನ ತಾಯಿ ಅನ್ನುತ್ತಾಳೆ.

ಪಂಪಿನ ವಾಷರ್ ಹರಿದಿದೆ. ಗುರುವಾರ ಹೊಡೆಯುವುದು ಆಗಲಿಕ್ಕಿಲ್ಲ. ಕಾಡವ್ವನಿಗೆ ಹಾಗೆಂದು ಹೇಳಿ ಕಳಿಸಿದೆ. ನೀನು ಬಸ್ಸು ಹತ್ತುವ ಕಾರಣವಿಲ್ಲ.

ಹೇಳಿದವಳು: ರಾಮವ್ವ
ಬರೆದವನು: ಪರಸಪ್ಪ


ಸಪ್ತಾಪುರ
೨೧ ಆಗಸ್ಟ್ ೨೦೨೪

ಅವ್ವಾ,

ವಾಷರ್ ಹರಿದದ್ದು ಒಳ್ಳೆಯದಾಯಿತು. ಎಂಟು ದಿನ ಬೈಲಹೊಂಗಲದಲ್ಲೂ ಹೊಸ ವಾಷರ್ ಸಿಗದಿರಲಿ. ನಿನ್ನೆಯ ಪಲ್ಲೆಗೆ ಉಪ್ಪು ಸರಿಯಾಗಿತ್ತು.

ಸಪ್ನಾ


ದೊಡವಾಡ
೧ ಸೆಪ್ಟೆಂಬರ್ ೨೦೨೪

ಚಿ. ಸಪ್ನಾಳಿಗೆ,

ನಿನ್ನ ತಾಯಿಯ ಹಟಕ್ಕೆ ನಿನ್ನ ತಂದೆಯವರು ನಮ್ಮ ಹೊಲದ ಒಳಭಾಗದಲ್ಲಿ, ದಾರಿಗೆ ಕಾಣದಲ್ಲಿ, ಮೂರು ಸಾಲು ಹಿಡಿದರು. ರಾಯಪ್ಪನ ಪಂಪು ಇಸಿದುಕೊಂಡು ತೊಳೆದು ಹೊಡೆದರು. ನೀರು ಹೊಡೆದ ಸಾಲು ಇದ್ದಂತೆ ಇದೆ. ಸಿರಿಂಜಿನ ಸಾಲು ಅದಕ್ಕಿಂತ ಒಂದು ಕೈ ಮುಂದೆ ಇದೆ, ಮೊಗ್ಗು ಭದ್ರ ಹಿಡಿದಿವೆ. ಕೊಸರಿನ ಸಾಲು ಎರಡನೆಯ ದಿನಕ್ಕೆ ಎಲೆ ಬಾಗಿಸಿತು, ಆರನೆಯ ದಿನಕ್ಕೆ ಉದುರಿಸಲು ಹತ್ತಿತು. ನಿನ್ನ ತಂದೆಯವರು ಒಂದು ಗಿಡದ ಬುಡದಲ್ಲಿ ಕುಳಿತು ಎಣಿಸಿದರು, ಹದಿನಾಲ್ಕು. ಅಂದು ಮಧ್ಯಾಹ್ನ ಉಣ್ಣಲಿಲ್ಲ.

ಇತ್ತ ಕಾಡವ್ವ ಹೊಲ ಕಿತ್ತುಹಾಕುವ ಮನಸ್ಸು ಮಾಡಿದ್ದಾಳೆ. ಹತ್ತಿ ಕಿತ್ತು ಮುಂದೆ ಕಡಲೆ ಹಾಕು ಎಂದು ರಾಯಪ್ಪ ಹೇಳಿದ್ದಾನೆ. ಅಮಾವಾಸ್ಯೆ ಕಳೆದ ಮೇಲೆ, ಬರುವ ಬುಧವಾರಕ್ಕೆ ಆಳು ಹೇಳಿದ್ದಾಳೆ.

ನಿನ್ನ ತಾಯಿ ವಿಚಾರ ಮಾಡಿ ಹೇಳುವುದೇನೆಂದರೆ, ಅವಳಿಗೆ ಈಗ ಏನೂ ಹೇಳುವುದು ಬೇಡ. ಎಣ್ಣೆ ಅಂತೂ ಇನ್ನು ಹೊಡೆಯುವುದಿಲ್ಲ. ಕಡಲೆಯೂ ಕೆಟ್ಟ ಬೆಳೆಯಲ್ಲ, ಬಿತ್ತನೆಗೆ ಬೀಜ ನಮ್ಮ ಮನೆಯಿಂದಲೇ ಕೊಟ್ಟರಾಯಿತು. ಆಗಿಹೋದದ್ದನ್ನು ಊರ ಮುಂದೆ ಕೆದಕಿದರೆ ಯಾರಿಗೆ ಏನು ಬಂತು? ಹೀಗೆ ನಿನ್ನ ತಾಯಿಯ ಅಭಿಪ್ರಾಯ.

ಹೇಳಿದವಳು: ರಾಮವ್ವ
ಬರೆದವನು: ಪರಸಪ್ಪ


ಸಪ್ತಾಪುರ, ಧಾರವಾಡ
೨ ಸೆಪ್ಟೆಂಬರ್ ೨೦೨೪

ಅಪ್ಪಾ,

ಈ ಪತ್ರ ಅವ್ವನಿಗಲ್ಲ, ನಿನಗೆ.

ಅವ್ವ ಜುಲೈ ಕೊನೆಯಿಂದ ಕಟಕೋಳದಲ್ಲಿದ್ದಾಳೆ. ರಾಚವ್ವಜ್ಜಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡ ಮರುದಿನವೇ ಗಂಟು ಕಟ್ಟಿಕೊಂಡು ತವರಿಗೆ ಹೋದಳು. ಮನೆಯ ಫೋನು ನಿನ್ನ ಕಿಸೆಯಲ್ಲಿ ಇದ್ದರೆ ನಮ್ಮಿಬ್ಬರ ಮಾತು ನಿಂತುಹೋಯಿತೆಂದು ತಿಳಿದೆಯಾ? ಮಾವನ ಫೋನಿನಿಂದ ದಿನಾ ಸಂಜೆ ಮಾತಾಡುತ್ತಾಳೆ. ಅವಳಿಗೆ ಫೋನಿನಲ್ಲಿ ಕೇಳಿಸುವುದಿಲ್ಲ ಎಂದು ಬರೆದಿದ್ದೆಯಲ್ಲ, ಅದನ್ನೂ ಓದಿ ಹೇಳಿದೆ. ಕೆಮ್ಮು ಬರುವ ತನಕ ನಕ್ಕಳು. "ನಿಮ್ಮಪ್ಪ ತಾನ ಮಾತಾಡೂ ತನಕ ಗೊತ್ತಿಲ್ಲದಂಗ ಇರು" ಎಂದು ಅವಳೇ ನನಗೆ ತಾಕೀತು ಮಾಡಿದ್ದಳು. ಇವತ್ತಿಗೆ ಆ ತಾಕೀತು ಮುರಿಯುತ್ತಿದ್ದೇನೆ.

ಮೊದಲ ದಿನದ ಬುತ್ತಿ ಬಿಚ್ಚಿದಾಗಲೇ ನನಗೆ ಗೊತ್ತಾಗಿತ್ತು. ಅವ್ವನ ರೊಟ್ಟಿಯ ಅಂಚು ಹಾಗೆ ಇರುವುದಿಲ್ಲ. ನಸುಕಿನಲ್ಲಿ ಎದ್ದು ಹಿಟ್ಟು ನಾದಿ, ಬೆರಳು ಸುಟ್ಟುಕೊಂಡು, ಮಾತು ಬಿಟ್ಟ ಮಗಳಿಗೆ ಆರು ಗಂಟೆಯ ಬಸ್ಸಿಗೆ ಬುತ್ತಿ ಮುಟ್ಟಿಸುವ ಮನುಷ್ಯನ ಮೇಲೆ ನಾನು ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳಲಿ? ಒಂದು ರೊಟ್ಟಿಯನ್ನೂ ಬಿಸಾಡಿಲ್ಲ ಅಪ್ಪಾ. ಒಂದೊಂದನ್ನು ತಿನ್ನುವಾಗಲೂ ಅಳು ಬರುತ್ತಿತ್ತು, ಶೀತಲ ಖಾರ ಹತ್ತಿತೆಂದು ತಿಳಿದಿದ್ದಾಳೆ.

ಅವ್ವನ ಹೆಸರಿನಲ್ಲಿ ರೊಟ್ಟಿ ಬಡಿ, ಪತ್ರ ಬರೆ, ನಿನ್ನನ್ನು ನೀನೇ ಹೊಗಳಿಕೋ, ನನಗೆ ಅಡ್ಡಿಯಿಲ್ಲ. ಆದರೆ ಕಾಡವ್ವನಿಗೆ ಹೇಳುವುದು ಬೇಡ ಎಂಬ ಮಾತನ್ನು ಅವ್ವನ ಬಾಯಿಗೆ ಹಾಕಬೇಡ. ಅವ್ವ ಅಂಥದ್ದನ್ನು ಹೇಳುವವಳಲ್ಲ. ಹೇಳುವವನು ನೀನೂ ಅಲ್ಲ, ಅದಕ್ಕೇ ನಿನ್ನ ಹೆಸರಿನಲ್ಲಿ ಬರೆಯಲು ನಿನಗೆ ಕೈ ಬಂದಿಲ್ಲ.

ಹತ್ತಿ ಕೀಳಬಾರದು. ನೆಲದಲ್ಲಿ ಹಸಿ ಇದೆ, ಬೇರು ಗಟ್ಟಿ ಇದೆ. ಎಣ್ಣೆಯ ಅಮಲು ಇಳಿದ ಮೇಲೆ ಹೊಸ ಕುಡಿ ನೆಟ್ಟಗೆ ಬರುತ್ತದೆ, ಹತ್ತಿ ಎರಡನೆಯ ಸಲ ಮೊಗ್ಗು ಕಟ್ಟುವ ಗಿಡ. ಮೊದಲಿನಷ್ಟು ಬರಲಿಕ್ಕಿಲ್ಲ, ಬರುವುದು ಖರೆ. ನಮ್ಮ ವಿಭಾಗದ ಸರ್ ಹತ್ತಿರವೂ, ಕೃಷಿ ಕಾಲೇಜಿನವರ ಹತ್ತಿರವೂ ಕೇಳಿಯೇ ಬರೆಯುತ್ತಿದ್ದೇನೆ. ಆದರೆ ಯಾಕೆ ಕೀಳಬಾರದು ಎಂದು ಕಾಡವ್ವ ಕೇಳುತ್ತಾಳೆ. ಅದಕ್ಕೆ ಉತ್ತರ ನಿನ್ನ ಹತ್ತಿರ ಮಾತ್ರ ಇದೆ.

ಈ ಸಲ ನಾನು ಬಸ್ಸು ಹತ್ತುವುದಿಲ್ಲ. ನಾನು ಬಂದು ಹೇಳಿದರೆ ಅದು ಮತ್ತೆ ಬಸವ ಜಯಂತಿಯೇ. ನೀನು ಹೇಳುತ್ತೀ ಎಂದು ನನಗೆ ಗೊತ್ತಿದೆ.

ನಿನ್ನ ಮಗಳು
ಸಪ್ನಾ


ಸಪ್ತಾಪುರ
೧೪ ಸೆಪ್ಟೆಂಬರ್ ೨೦೨೪

ಅಪ್ಪಾ,

ಹನ್ನೆರಡು ದಿನದಿಂದ ಬುತ್ತಿ ಬರುತ್ತಿದೆ, ಪತ್ರ ಬರುತ್ತಿಲ್ಲ. ಗಂಟು ಬಿಚ್ಚಿ ಅರಿವೆ ಝಾಡಿಸಿ ನೋಡುತ್ತೇನೆ. ಬುಧವಾರ ಏನಾಯಿತೆಂದು ಯಾರನ್ನೂ ಕೇಳಿಲ್ಲ. ಅವ್ವನಿಗೂ ಕೇಳಬೇಡ ಎಂದಿದ್ದೇನೆ. ನೀನು ಹೇಳಿದಾಗ ಕೇಳುತ್ತೇನೆ.

ರೊಟ್ಟಿ ಈಗ ತೆಳ್ಳಗಾಗುತ್ತಿವೆ. ಜೋಳಕ್ಕೆ ಜಿಗಿ ಬಂತೆಂದು ಕಾಣುತ್ತದೆ.

ಸಪ್ನಾ


ದೊಡವಾಡ
೬ ಅಕ್ಟೋಬರ್ ೨೦೨೪

ಸಪ್ನಾ, ನನ್ನವ್ವಾ,

ಪುಸ್ತಕದ ಭಾಷೆಯಲ್ಲಿ ಬರೆಯಲು ನಾಲ್ಕು ಸಲ ಕುಳಿತೆ. ನಾಲ್ಕೂ ಹರಿದೆ. ಏಳನೆಯ ಇಯತ್ತೆಯಲ್ಲಿ ಇಂಥದ್ದನ್ನು ಬರೆಯಲು ಕಲಿಸಿರಲಿಲ್ಲ. ಇನ್ನ ಮಾತಾಡಿದಂಗ ಬರಿತೇನಿ.

ಆ ಬುಧವಾರ ನಿನ್ನ ಬುತ್ತಿ ಬಸ್ಸಿಗೆ ಇಟ್ಟು, ನಿನ್ನ ಪತ್ರ ಕಿಸೇದಾಗ ಇಟಗೊಂಡು ಸೀದಾ ಹೊಲಕ್ಕ ಹ್ವಾದೆ. ನಾ ಹೋಗೂದ್ರಾಗ ಎರಡು ಸಾಲು ಕಿತ್ತಿದ್ರು. ಆರು ಹೆಣ್ಣಾಳು, ಬದುವಿನ ಮ್ಯಾಲ ರಾಯಪ್ಪ ಬೀಡಿ ಸೇದಕೋತ ಕುಂತಿದ್ದ. ಕಾಡವ್ವನ್ನ ಒಬ್ಬಾಕೀನ ಬಾಜೂಕ ಕರದು ಹೇಳಬೇಕಂತ ಮಾಡಿದ್ದೆ. ಆದ್ರ ಕಿತ್ತ ಗಿಡದ ಬೇರು ನೋಡಿದೆ. ಬೆಳ್ಳಗ, ಗಟ್ಟಿ ಇದ್ದೂ, ಮಣ್ಣ ಬಿಟ್ಟಿರಲಿಲ್ಲ. ಅಷ್ಟೂ ಮಂದಿ ಮುಂದನ ಅಂದುಬಿಟ್ಟೆ.

"ಕಾಡವ್ವ, ಕೀಳೂದು ನಿಲ್ಲಸು. ನಿನ್ನ ಹತ್ತಿಗೆ ರೋಗ ಬಂದಿಲ್ಲ, ಬೀಜಾನೂ ಚಲೋ ಐತಿ. ನಾ ಹಾಕಿದ ಕೊಸರು ಹೆಚ್ಚಾಗಿ ಮೊಗ್ಗಿ ಉದುರ್ಯಾವ. ನನ್ನ ಮಗಳು ಬ್ಯಾಸಗ್ಯಾಗ ಹೇಳಿದ್ಲು, ನಾ ಕೇಳಲಿಲ್ಲ."

ಆಕಿ ಸಾಲಿನ್ಯಾಗ ಕುಂತಳು. ಬೈತಾಳ, ಮಣ್ಣ ತೂರತಾಳ ಅಂತ ನಿಂತಿದ್ದೆ. ಆಕಿ ತಲಿ ಎತ್ತಿ ಅಂದ್ಲು:

"ಅಣ್ಣಾ, ತಿಂಗಳಾತು ನನ್ನ ಹಣಿಬಾರಕ್ಕ ನಾನ ಬೈಕೊಳ್ಳಾಕ ಹತ್ತೇನಿ. ಗಂಡನ್ನ ನುಂಗಿದಾಕಿ ಕೈಗುಣಾ ಅಂತ ಮಂದಿ ಅಂದ್ರು, ಖರೇನ ಇರಬೇಕು ಅಂದಕೊಂಡೆ. ದಿನಾ ಮುಂಜಾನಿ ಮೊಗ್ಗಿ ತಂದು ನಿನ್ನ ಕಟ್ಟಿಮ್ಯಾಲ ಸುರುವಿದ್ನಿ. ಒಂದಿನಾ ಹೇಳಬಾರದಾಗಿತ್ತ?"

ಹೊಲಾ ಹೋದದ್ದಕ್ಕ ಆಕಿಗೆ ಅಷ್ಟು ಸಂಕಟ ಇರಲಿಲ್ಲವ್ವಾ. ತನ್ನ ಕೈಯಾಗ ಪಾಪ ಐತಿ ಅಂತ ನಂಬಿದ್ಲು. ಅದು ನನಗ ಗೊತ್ತ ಇರಲಿಲ್ಲ. ನನಗ ನನ್ನ ಹೆಸರಿಂದಷ್ಟ ಚಿಂತಿ ಇತ್ತು. ಮೂರು ಸಾಲಿನ ಪರೀಕ್ಷಾ ಮಾಡಿ ಎಲ್ಲಾ ತಿಳದ ಮ್ಯಾಲೂ ನಾಕು ದಿನಾ ಸುಮ್ಮನಿದ್ನೆಲ್ಲ, ಆ ನಾಕು ದಿನ ನನಗ ಈಗೂ ಚುಚ್ಚತಾವ. ಅದಕ್ಕ ನಿನಗ ಬರಿಯಾಕ ಕೈ ಏಳಲಿಲ್ಲ. ಹತ್ತಿ ಬದುಕತೈತೋ ಇಲ್ಲೋ ನೋಡಿ ಬರೀಬೇಕು ಅಂತ ಕುಂತೆ.

ರಾಯಪ್ಪ ನಗತಾನ ಅಂತ ಮೈ ಬಿಗಿ ಹಿಡದಿದ್ದೆ. ನಗಲಿಲ್ಲ. ನಾ ಹೊಳ್ಳಿ ಬರೂ ಮುಂದ ಬೆನ್ನ ಹಿಂದ ಬಂದು, ನನ್ನ ಹೊಲದಾಗ ಎಷ್ಟ ಹಾಕಿದ್ದಿ ಪರಸಪ್ಪ ಅಂತ ಸಣ್ಣ ದನಿಲೆ ಕೇಳಿದ. ಈಗ ಸಿರಿಂಜ್ ಎಲ್ಲರ ಮನ್ಯಾಗ ಬಂದೈತಿ. ಔಷಧ ಅಂಗಡ್ಯಾವ ನಮ್ಮೂರಾಗ ಕೂಸುಗೋಳಿಗೆ ಏನಾತು ಅಂತ ಗಾಬರ್ಯಾಗಿದ್ದ.

ಹದಿನೈದು ದಿನಕ್ಕ ಕಾಡವ್ವನ ಹತ್ತಿ ಹೊಸ ಕುಡಿ ಬಿಡ್ತು, ನೆಟ್ಟಗ. ಈಗ ಮೊಗ್ಗಿ ಕಟ್ಟೇತಿ. ನಿನ್ನೆ ಮೊದಲನೇ ಹೂ ಕಂಡು ಆಕೀನ ಬಂದು ಹೇಳಿದ್ಲು. ಹ್ವಾದ ವರ್ಷದಷ್ಟು ಬರೂದಿಲ್ಲ, ಕಮ್ಮಿ ಬಿದ್ದದ್ದು ನಮ್ಮ ಹೊಲದ್ದು ಕೊಡತೇನಿ ಅಂದೆ. ಆಕಿ ಒಲ್ಲೆ ಅಂದ್ಲು. ಮತ್ತ ನಿನ್ನ ಹೊಲಕ್ಕ ಎಣ್ಣಿ ಹೊಡ್ಯಾಕ ಬ್ಯಾರೇದಾವ್ರನ್ನ ಕರಿತಿ ಏನ ಅಂತ ಕೇಳಿದೆ. ಆಕಿ ಅಂದದ್ದು ಹಂಗ ಬರಿತೇನಿ: "ನೀನ ಹೊಡಿ ಅಣ್ಣಾ. ಆದ್ರ ಆ ಸಿರಿಂಜ್ ನಾ ಹಿಡಕೊಂಡು ನಿಂದರತೇನಿ."

ಹಸರ ಮುಚ್ಚಳಾ ಒಲಿಯಾಗ ಹಾಕಿ ಸುಟ್ಟೆ.

ನಾಳೆ ನಿಮ್ಮವ್ವ ಕಟಕೋಳದಿಂದ ಬರತಾಳ. ನಾ ಮಗಳ ಜೋಡಿ ಮಾತಾಡಿದ ಮ್ಯಾಲ ಬರತೇನಿ ಅಂತ ಆಕೀನೂ ಅಲ್ಲೇ ಹಟಾ ಹಿಡದು ಕುಂತಿದ್ಲು, ನಿನಗ ಬರಿತೇನಿ ಅಂದಾಗ ನಿನ್ನೆ ನಿಮ್ಮ ಮಾವ ಹೇಳಿದ. ಇಬ್ಬರೂ ಕೂಡಿ ನನ್ನ ಚಲೋ ಆಡಿಸಿದ್ರಿ. ಇನ್ನ ಫೋನ್ ಮಾಡು. ನಾನ ಎತ್ತತೇನಿ.

ಇವತ್ತಿಂದು ನನ್ನ ಕೈದು ಕಡೀ ಬುತ್ತಿ. ಡಬ್ಬ್ಯಾಗ ಐದು ರೊಟ್ಟಿ ಅದಾವ, ಅಳತಿಗೆ ಸರಿ. ಮ್ಯಾಲ ಸಣ್ಣ ಅರಿವ್ಯಾಗ ಬ್ಯಾರೆ ಒಂದು ಕಟ್ಟೇನಿ, ಸ್ವಲ್ಪ ದಪ್ಪ ಐತಿ. ಅದು ಕೊಸರು. ತಿನ್ನು, ಅದರಿಂದ ಏನೂ ಉದುರೂದಿಲ್ಲ.

ಹೇಳಿದವನೂ ಬರೆದವನೂ
ನಿನ್ನ ಅಪ್ಪ